ದಾರಾ ಶಿಕೋಹ ಮತ್ತು ಕಾಶಿಯ ಪಂಡಿತರು

ಕಾಶೀಯಾತ್ರೆಗೆ ಹೋದ ನಮ್ಮವರು ಹನುಮಾನ್ ಘಾಟಿನ ಬಳಿ ಮೈಸೂರು ಸಂಸ್ಥಾನವು ಕಟ್ಟಿಸಿದ ಘಾಟನ್ನು ನೋಡದೆ ಬರುವುದಿಲ್ಲ. ಅಲ್ಲಿಂದ ಅಸ್ಸಿಯ ಕಡೆಗೆ ಸ್ವಲ್ಪ ದೂರ ನಡೆದರೆ ಶಿವಾಲ ಸಿಗುತ್ತದೆ. ನದಿಗೆ ಮುಖಮಾಡಿ ನಿಂತ ಅಲ್ಲಿಯ ಕೋಟೆಮನೆಯು ರಾಜಾ ಚೇತಸಿಂಗನದು. 1781ರಲ್ಲಿ ಹೇಸ್ಟಿಂಗ್ಸನ ಸಿಪಾಯಿಗಳಿಂದ ತಪ್ಪಿಸಿಕೊಂಡು ಆತನು ಓಡಿಹೋದ ಮೇಲೆ, ದಿಲ್ಲಿಯಿಂದ ಆಶ್ರಯ ಬೇಡಿ ಬಂದ ಶಾಹಜಾದಾ ಜಹಾಂದಾರ ಶಾಹನ ಸಂತತಿಯವರು ಬಹುಕಾಲ ಅಲ್ಲಿ ವಾಸವಾಗಿದ್ದರು. ಮೊಗಲರು ವಿದ್ಯಾರ್ಥಿಗಳಂತೆ ಕಾಶಿಯ ಬಾಗಿಲಿಗೆ ಬಂದದ್ದು ಅದಕ್ಕಿಂತ ನೂರಿಪ್ಪತ್ತು ವರ್ಷಗಳಿಗೂ ಹಿಂದೆ. ಶಿವಾಲದ ಶಾಹಜಾದೆಯರು ಔರಂಗಜೇಬನ ವಂಶದವರು. ಹಾಗೆ ಬಂದವನಾದರೋ ಆ ಔರಂಗಜೇಬನೇ ಕೊಲ್ಲಿಸಿದ ಅಣ್ಣ, ದಾರಾ ಶಿಕೋಹ.

ದಾರಾ ಹುಟ್ಟಿದ್ದು 1615ರಲ್ಲಿ, ಅಜ್ಮೀರದಲ್ಲಿ. ಶಾಹಜಹಾನ್ ಮತ್ತು ಮುಮ್ತಾಜ್ ಮಹಲರ ಜ್ಯೇಷ್ಠ ಪುತ್ರ. ತಂದೆಗೆ ಆತನ ಮೇಲೆ ಅತಿಶಯವಾದ ಮೋಹವಿತ್ತು. ತಮ್ಮಂದಿರನ್ನು ದೂರದ ಸುಬಾಗಳಿಗೆ ಕಳಿಸಿ ಈತನನ್ನು ಸದಾ ತನ್ನ ಪಕ್ಕದಲ್ಲಿಯೇ ಇರಿಸಿಕೊಂಡಿದ್ದನು. ಯೌವನದಲ್ಲಿಯೇ ದಾರಾ ಕಾದಿರೀ ಪಂಥದ ಸೂಫಿಗಳಾದ ಲಾಹೋರಿನ ಮಿಯಾ ಮೀರರಲ್ಲಿ ಭಕ್ತಿಯಿಟ್ಟು, ಅವರ ಶಿಷ್ಯ ಮುಲ್ಲಾ ಶಾಹರಿಂದ ದೀಕ್ಷೆ ಪಡೆದನು. 1640ರಲ್ಲಿ ಸಂತರ ಚರಿತ್ರೆಗಳ ಗ್ರಂಥವೊಂದನ್ನು ಬರೆದು ಮುಗಿಸಿದನು. ಕತ್ತಿಗಿಂತ ಲೇಖನಿಯೇ ಆ ಕೈಗೆ ಒಗ್ಗಿತ್ತು. 1653ರಲ್ಲಿ ದೊಡ್ಡ ಸೈನ್ಯವನ್ನು ತೆಗೆದುಕೊಂಡು ಹೋದರೂ ಕಂದಾಹಾರವನ್ನು ಗೆಲ್ಲಲಾರದೆ ಹಿಂದಿರುಗಿದನು.

ಸೋತು ಬಂದ ಆ ವರ್ಷವೇ ಲಾಹೋರಿನಲ್ಲಿ ಬಾಬಾ ಲಾಲ್ ಎಂಬ ಹಿಂದೂ ಸಾಧುವಿನೊಡನೆ ಆತನ ಸಂವಾದ ನಡೆಯಿತು. ಬಾದಶಹನ ಮಗನು ಪ್ರಶ್ನೆ ಕೇಳುವವನು, ಸಾಧುವು ಉತ್ತರ ಹೇಳುವವನು. ಮತಗಳ ನಡುವಣ ಮಾತುಕತೆಯೆಂದರೆ ಗೆಲ್ಲುವುದಕ್ಕಾಗಿ ನಡೆಯುವ ವಾದವೆಂದೇ ತಿಳಿದಿದ್ದ ಕಾಲದಲ್ಲಿ ಇದೊಂದು ಅಪೂರ್ವ ಸಂಗತಿಯೆಂದು ನಮ್ಮ ಭಾವನೆ. 1655ರಲ್ಲಿ ಆತನು ಮಜ್ಮ-ಉಲ್-ಬಹ್ರೈನ್, ಅಂದರೆ ಎರಡು ಕಡಲುಗಳ ಸಂಗಮವೆಂಬ ಗ್ರಂಥವನ್ನು ಬರೆದನು. ಅದರ ಸಂಸ್ಕೃತ ರೂಪವೇ ಸಮುದ್ರಸಂಗಮ.

ಕಾಶಿಯ ಕಾರ್ಯವು ಇದರ ಮುಂದಿನ ಹೆಜ್ಜೆ. ಕಾಶಿಯು ಆಗ ಅಲಹಾಬಾದಿನ ಸುಬೆಗೆ ಸೇರಿತ್ತು. ಆ ಸುಬೆಯು 1645ರಿಂದಲೂ ದಾರಾನ ಹೆಸರಿನಲ್ಲಿತ್ತು. ಯಾತ್ರಿಕರ ಮೇಲಿನ ಕರವನ್ನು ಶಾಹಜಹಾನನಿಂದ ತೆಗೆಸಿದ ಕವೀಂದ್ರಾಚಾರ್ಯ ಸರಸ್ವತಿಗಳಂಥ ಸನ್ಯಾಸಿಗಳಿಗೆ ದರಬಾರಿನಲ್ಲಿ ಮರ್ಯಾದೆಯಿದ್ದ ಕಾಲವದು. 1656ರಲ್ಲಿ ದಾರಾ ಕಾಶಿಯ ಪಂಡಿತರನ್ನೂ ಸನ್ಯಾಸಿಗಳನ್ನೂ ಸೇರಿಸಿದನು. ಅವರ ನೆರವಿನಿಂದ ಸುಮಾರು ಐವತ್ತು ಉಪನಿಷತ್ತುಗಳು ಶಂಕರಭಾಷ್ಯದ ಅಂಶಗಳೊಡನೆ ಫಾರಸೀ ಭಾಷೆಗೆ ಇಳಿದವು. ಆರು ತಿಂಗಳ ಕೆಲಸ. ದಿಲ್ಲಿಯ ನಿಗಮಬೋಧದ ಬಳಿಯಿದ್ದ ತನ್ನ ಮಹಲಿನಲ್ಲಿ 1657ರಲ್ಲಿ ಅದನ್ನು ಮುಗಿಸಿ, ಸಿರ್ರ್-ಎ-ಅಕ್ಬರ್, ಮಹಾರಹಸ್ಯ, ಎಂದು ಹೆಸರಿಟ್ಟನು.

ಹಲವು ಭಾಷೆಯ ಗಿರಾಕಿಗಳ ನಡುವೆ ಗಲ್ಲಾದ ಮೇಲೆ ಕುಳಿತು ವರ್ಷಗಳನ್ನು ಕಳೆದ ನಮಗೆ ಆ ಭಾಷಾಂತರದ ಕಷ್ಟವು ಚೆನ್ನಾಗಿ ತಿಳಿಯುತ್ತದೆ. ಬ್ರಹ್ಮನೆಂದರೆ ಫಾರಸೀ ಓದುಗನಿಗೆ ಏನು ಅರ್ಥವಾದೀತು? ದಾರಾ ಬ್ರಹ್ಮನನ್ನು ಜಿಬ್ರಾಯೀಲನೆಂದೂ ವಿಷ್ಣುವನ್ನು ಮೀಕಾಯೀಲನೆಂದೂ ಮಹೇಶ್ವರನನ್ನು ಇಸ್ರಾಫೀಲನೆಂದೂ ಹೊಂದಿಸಿದನು. ಆದರೆ ಇಸ್ಲಾಮಿನಲ್ಲಿ ಇವರು ದೇವದೂತರು, ಆಜ್ಞಾಧಾರಕರು. ನಮ್ಮ ತ್ರಿಮೂರ್ತಿಗಳ ಸ್ಥಾನ ಬೇರೆ. ಕುರಾನಿನಲ್ಲಿ ಗುಪ್ತವಾಗಿಡಲ್ಪಟ್ಟ ಗ್ರಂಥವೆಂದು ಸೂಚಿತವಾಗಿರುವುದು ಉಪನಿಷತ್ತುಗಳೇ ಎಂದೂ ಆತನು ನಂಬಿದನು. ಪರರ ಶಾಸ್ತ್ರಕ್ಕೆ ಇದಕ್ಕಿಂತ ಹೆಚ್ಚಿನ ಗೌರವವನ್ನು ಮುಸಲ್ಮಾನನೊಬ್ಬನು ಕೊಡಲಾರನು. ಆದರೂ ಆತನು ಹುಡುಕಿದ್ದು ತನ್ನ ಗ್ರಂಥದ ಅರ್ಥವನ್ನೇ. ಎರಡು ಕಡಲುಗಳು ಸೇರುವ ಸ್ಥಳವನ್ನು ಕಂಡವನಿಗೆ ಅವು ಸೇರದಿರುವ ಸ್ಥಳಗಳನ್ನು ನೋಡುವ ತಾಳ್ಮೆಯಿರಲಿಲ್ಲವೆಂದೇ ನಮಗೆ ತೋರುತ್ತದೆ.

ಇನ್ನೊಂದು ಕೊರತೆಯು ಇದಕ್ಕಿಂತ ದೊಡ್ಡದು. ಸಂಗಮದ ಗ್ರಂಥವನ್ನು ತನ್ನ ಮನೆಯವರಿಗಾಗಿ ಬರೆದುದಾಗಿಯೂ ಎರಡೂ ಸಮಾಜಗಳ ಸಾಮಾನ್ಯ ಜನರೊಡನೆ ತನಗೆ ಕಾರ್ಯವಿಲ್ಲವೆಂದೂ ಆತನೇ ಹೇಳಿಕೊಂಡಿದ್ದಾನೆ. ಮುಲ್ಲಾಗಳನ್ನು ಕಟುವಾಗಿ ನಿಂದಿಸಿದನು. ಸಲಹೆ ಹೇಳಬಂದ ಅಮೀರರನ್ನು ಹೀಯಾಳಿಸುತ್ತಿದ್ದನೆಂದು ಆ ಕಾಲದಲ್ಲಿ ಇಲ್ಲಿದ್ದ ಫ್ರೆಂಚ್ ವೈದ್ಯ ಬರ್ನಿಯೇ ಬರೆದಿದ್ದಾನೆ. ದೂರದ ಕಾಶಿಯ ಸನ್ಯಾಸಿಯ ಮುಂದೆ ವಿನಯದಿಂದ ಕುಳಿತವನು ತನ್ನ ಮಸೀದಿಯ ಕಾಜಿಯೊಡನೆ ಮಾತನಾಡುವುದನ್ನು ಕಲಿಯಲಿಲ್ಲ.

ಗ್ರಂಥ ಮುಗಿದ ಕೆಲವೇ ತಿಂಗಳಲ್ಲಿ, 1657ರ ಸೆಪ್ಟೆಂಬರಿನಲ್ಲಿ, ಬಾದಶಹನು ಕಾಯಿಲೆ ಬಿದ್ದನು. ನಾಲ್ವರು ಮಕ್ಕಳ ಕದನವು ಆರಂಭವಾಯಿತು. ದಾರಾನ ಮಗ ಸುಲೈಮಾನನು 1658ರ ಫೆಬ್ರವರಿಯಲ್ಲಿ ಕಾಶಿಯ ಸಮೀಪದ ಬಹಾದೂರಪುರದಲ್ಲಿ ಚಿಕ್ಕಪ್ಪ ಶುಜಾನನ್ನು ಸೋಲಿಸಿದನು. ಆದರೆ ಆ ಸೈನ್ಯವು ಪೂರ್ವದಲ್ಲಿಯೇ ಉಳಿದುದರಿಂದ ಮೇ ತಿಂಗಳಿನ ಸಾಮೂಗಢದ ಯುದ್ಧದಲ್ಲಿ ತಂದೆಗೆ ಒದಗಲಿಲ್ಲ. ಅಲ್ಲಿ ಸೋತ ದಾರಾ ಊರೂರು ಅಲೆದನು. ಹೆಂಡತಿ ನಾದಿರಾ ಬಾನು ದಾರಿಯಲ್ಲಿಯೇ ತೀರಿಕೊಂಡಳು. ಆಕೆಯ ದೇಹವನ್ನು ಲಾಹೋರಿಗೆ, ಗುರುವಿನ ಸಮಾಧಿಯ ಬಳಿಗೆ ಕಳಿಸಿಕೊಟ್ಟನು. ತಾನೊಮ್ಮೆ ಮರಣದಂಡನೆಯಿಂದ ಬಿಡಿಸಿದ್ದ ಮಲಿಕ್ ಜೀವನನೆಂಬ ಸರದಾರನೇ ಆತನನ್ನು ಹಿಡಿದುಕೊಟ್ಟನು. ದಿಲ್ಲಿಯ ಬೀದಿಗಳಲ್ಲಿ ಮೆರವಣಿಗೆ ಮಾಡಿಸಿ, ಧರ್ಮಭ್ರಷ್ಟನೆಂಬ ಆರೋಪ ಹೊರಿಸಿ, 1659ರ ಆಗಸ್ಟಿನ ಕೊನೆಯಲ್ಲಿ ಕೊಂದರು. ಪ್ರಭು ಎಂಬ ಅಕ್ಷರ ಕೆತ್ತಿದ ಉಂಗುರವೂ ಆರೋಪಗಳ ಪಟ್ಟಿಯಲ್ಲಿತ್ತು.

ಇಲ್ಲಿ ವಾಚಕರು ಒಂದು ವಿಷಯವನ್ನು ಗಮನಿಸಬೇಕು. ಕಾಶಿಯ ಹಳೆಯ ದೇವಾಲಯಗಳನ್ನೂ ಅರ್ಚಕರನ್ನೂ ಯಾರೂ ಪೀಡಿಸಕೂಡದೆಂದು ಅದೇ 1659ರ ಆರಂಭದಲ್ಲಿ ಔರಂಗಜೇಬನೇ ಫರ್ಮಾನು ಹೊರಡಿಸಿದ್ದನು. ನಮ್ಮ ಜಂಗಮವಾಡಿ ಮಠದಲ್ಲಿ ಅಕ್ಬರನ ಕಾಲದಿಂದ ಬಂದ ಫರ್ಮಾನುಗಳ ಜೊತೆಗೆ ಆತನವೂ ಇವೆ. ವಿಶ್ವನಾಥನ ಗುಡಿಯನ್ನು ಕೆಡವಿಸಿದ 1669ರ ಆಜ್ಞೆಯೂ ಆತನದೇ. ಕಾಶಿಯ ಮೇಲೆ ಆತನು ಏನನ್ನು ಮಾಡಿದರೂ ಅದು ಆಜ್ಞೆಯಾಗಿಯೇ ಬಂದಿತು. ಅಣ್ಣನು ಮಾತ್ರ ಪ್ರಶ್ನೆಯನ್ನು ಹಿಡಿದುಕೊಂಡು ಬಂದಿದ್ದನು.

ಆ ಫಾರಸೀ ಹಸ್ತಪ್ರತಿಯು ಮುಂದೆ ಫ್ರಾನ್ಸಿಗೆ ಹೋಗಿ, ಆಂಕೆತೀಲ್ ದ್ಯುಪೆರೋನನ ಲ್ಯಾಟಿನ್ ಭಾಷಾಂತರವಾಗಿ 1801–02ರಲ್ಲಿ ಅಚ್ಚಾಯಿತು. ಜರ್ಮನಿಯ ಶೋಪೆನ್‌ಹಾವರನು ಉಪನಿಷತ್ತನ್ನು ಓದಿ ತಲೆದೂಗಿದ್ದು ಇದರಿಂದಲೇ. ದಾರಾನ ದೇಹವನ್ನು ದಿಲ್ಲಿಯ ಹುಮಾಯೂನನ ಸಮಾಧಿಯ ಆವರಣದಲ್ಲಿ ಹೂಳಿದರು. ಅಲ್ಲಿರುವ ಅನೇಕ ಗೋರಿಗಳ ಮೇಲೆ ಹೆಸರಿಲ್ಲ. ಅವುಗಳಲ್ಲಿ ಆತನದು ಯಾವುದೆಂದು ಗುರುತಿಸುವುದಕ್ಕಾಗಿ 2020ರಲ್ಲಿ ಭಾರತ ಸರಕಾರವು ಒಂದು ಸಮಿತಿಯನ್ನು ನೇಮಿಸಿತು.