ಕೈವಾರದ ತಾತಯ್ಯನವರು

ಅರಸರಿಗೆ ಬಿರುದು ಕೊಡುವವರು ಆಸ್ಥಾನಪಂಡಿತರು. ಅಧಿಕಾರಿಗಳಿಗೆ ಪದವಿ ಕೊಡುವುದು ಸರ್ಕಾರ. ತಾತನೆಂಬ ಹೆಸರನ್ನು ಮಾತ್ರ ಆಸ್ಥಾನವಾಗಲಿ ಸರ್ಕಾರವಾಗಲಿ ಯಾರಿಗೂ ದಯಪಾಲಿಸಲಾರದು. ಅದನ್ನು ಕೊಡತಕ್ಕವರು ಮನೆಯ ಮೊಮ್ಮಕ್ಕಳು. ಹೀಗಿರುವಾಗ, ರಕ್ತಸಂಬಂಧವಿಲ್ಲದ ಸೀಮೆಗೆ ಸೀಮೆಯೇ ಜಾತಿಭಾಷೆಗಳ ಭೇದವೆಣಿಸದೆ ಒಬ್ಬ ಬಳೆಗಾರನನ್ನು ತಾತಯ್ಯನೆಂದು ಕರೆದು, ಆತನು ಕಣ್ಮರೆಯಾಗಿ ಎರಡು ಶತಮಾನಗಳಾಗುತ್ತ ಬಂದರೂ ಹಾಗೆಯೇ ಕರೆಯುತ್ತಿರುವುದೆಂದರೆ ಅದಕ್ಕೆ ಬಲವಾದ ಕಾರಣವಿರಲೇಬೇಕು. ಕೈವಾರದ ಯೋಗಿ ನಾರೇಯಣ ಯತೀಂದ್ರರ ಜೀವಿತವನ್ನು ಇಂದು ವಾಚಕಮಹಾಶಯರ ಮುಂದಿಡುವುದರಲ್ಲಿ ನಮ್ಮ ಉದ್ದೇಶವು ಆ ಕಾರಣವನ್ನು ಹುಡುಕುವುದೇ ಹೊರತು ಪವಾಡಗಳ ಪಟ್ಟಿಯನ್ನು ಒಪ್ಪಿಸುವುದಲ್ಲ.

ಚಿಕ್ಕಬಳ್ಳಾಪುರದ ಪಕ್ಕದಲ್ಲಿ ಎದ್ದುನಿಂತಿರುವ ಸ್ಕಂದಗಿರಿಯನ್ನು ಹಳಬರು ಕಳವಾರದುರ್ಗವೆಂದು ಕರೆಯುವರು. ಹಳೆಯ ಕೋಟೆಯ ಪಾಳುಗೋಡೆಗಳು ಈಗಲೂ ಅದರ ನೆತ್ತಿಯ ಮೇಲಿವೆ. ಅದೂ ಅದರ ನೆರೆಯ ನಂದಿ ಮೊದಲಾದ ಗಿರಿಗಳೂ ಸೇರಿದ ಈ ಸಾಲು, ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಪಘ್ನಿ, ಚಿತ್ರಾವತಿಗಳಿಗೆ ತವರು. ನದಿಗಳು ಇಲ್ಲಿ ಹುಟ್ಟಿ ದಿಕ್ಕುದಿಕ್ಕಿಗೆ ಹರಿದುಹೋಗುವುವು. ಹುಟ್ಟಿದ ನೆಲದಲ್ಲಿ ಮಾತ್ರ ನೀರು ನಿಲ್ಲದು. ಆದುದರಿಂದಲೇ ಇಲ್ಲಿನ ರೈತನು ನದಿಯನ್ನು ನೆಚ್ಚದೆ ಮಳೆಯನ್ನೂ ಕೆರೆಯನ್ನೂ ನೆಚ್ಚಿದವನು. ಇಲ್ಲಿಂದ ಪೂರ್ವಕ್ಕೆ ಶಿಡ್ಲಘಟ್ಟವನ್ನು ಹಾದು ಚಿಂತಾಮಣಿಯ ಸೀಮೆಯನ್ನು ಹೊಕ್ಕರೆ, ಹೆಬ್ಬಂಡೆಗಳನ್ನು ಒಂದರ ಮೇಲೊಂದು ಪೇರಿಸಿಟ್ಟಂತೆ ತೋರುವ ಬೆಟ್ಟದ ಬುಡದಲ್ಲಿ ಕೈವಾರವಿದೆ. ಮಹಾಭಾರತದ ಏಕಚಕ್ರನಗರವು ಇದೇ ಎಂದೂ, ಭೀಮಸೇನನು ಬಕಾಸುರನನ್ನು ವಧಿಸಿದ್ದು ಇಲ್ಲಿಯೇ ಎಂದೂ ಸ್ಥಳಪುರಾಣವು ಸಾರುತ್ತದೆ. ಊರಿನ ಒಡೆಯನು ಅಮರನಾರಾಯಣಸ್ವಾಮಿ.

ಆ ಸ್ವಾಮಿಯ ಭಕ್ತರಾಗಿದ್ದ ಬಲಿಜ ಕುಲದ ದಂಪತಿಗಳಿಗೆ ೧೭೨೬ರಲ್ಲಿ ಹುಟ್ಟಿದ ಮಗುವಿಗೆ ನಾರಾಯಣಪ್ಪನೆಂದು ಹೆಸರಿಟ್ಟರೆಂದು ಸಂಪ್ರದಾಯವು ಹೇಳುತ್ತದೆ. ಎಳೆಯ ವಯಸ್ಸಿನಲ್ಲಿಯೇ ತಂದೆತಾಯಿಗಳು ತೀರಿಕೊಂಡರು. ಬಂಧುಗಳ ಆಶ್ರಯದಲ್ಲಿ ಬೆಳೆದು, ಮುನಿಯಮ್ಮನವರನ್ನು ಮದುವೆಯಾಗಿ, ಮಕ್ಕಳನ್ನು ಪಡೆದು, ಕುಲವೃತ್ತಿಯಾದ ಬಳೆ ವ್ಯಾಪಾರವನ್ನು ಕೈಕೊಂಡರು.

ಬಳೆಗಾರನ ಕಸುಬು ಇತರ ವ್ಯಾಪಾರಗಳಂತಲ್ಲ. ಬಟ್ಟೆಯ ವ್ಯಾಪಾರಿಯು ಜಗುಲಿಯಲ್ಲಿ ಕುಳಿತು ಲೆಕ್ಕ ಮುಗಿಸಿ ಏಳುವನು. ಬಳೆಯ ಮಲಾರವನ್ನು ಹೆಗಲಿಗೇರಿಸಿ ಬಂದವನಾದರೋ ಮನೆಯ ಹೆಣ್ಣುಮಗಳ ಕೈಯನ್ನು ತನ್ನ ಕೈಯಲ್ಲಿ ಹಿಡಿದು, ಗಾಜು ಒಡೆಯದಂತೆ, ನೋವಾಗದಂತೆ, ಒಂದೊಂದಾಗಿ ಏರಿಸಬೇಕು. ಯಾವ ಮನೆಯ ಕೈ ದುಡಿದು ಒರಟಾಗಿದೆ, ಯಾವ ಮನೆಯ ಕೈ ಉಣ್ಣದೆ ಸೊರಗಿದೆ, ಯಾವ ಮನೆಯ ಬಾಣಂತಿಗೆ ತವರಿನಿಂದ ಯಾರೂ ಬರಲಿಲ್ಲ, ಇವೆಲ್ಲವೂ ಅವನಿಗೆ ತಿಳಿಯುವುವು. ತಿಳಿದ ಮೇಲೆ ಬೆಲೆ ಕೇಳುವುದಕ್ಕೆ ಗಟ್ಟಿಮನಸ್ಸು ಬೇಕು. ನಾರಾಯಣಪ್ಪನವರಿಗೆ ಅದಿರಲಿಲ್ಲ. ಕೇಳಿದವರಿಗೆ ತೊಡಿಸಿದರು; ಕೊಟ್ಟರೆ ತೆಗೆದುಕೊಂಡರು; ಕೊಡದಿದ್ದರೆ ಹರಿನಾಮವನ್ನು ಹಾಡಿಕೊಳ್ಳುತ್ತ ಮುಂದಿನ ಊರಿಗೆ ನಡೆದರು. ಹೀಗೆ ಮಲಾರವು ಬರಿದಾಯಿತು. ಮನೆಗೆ ಮಾತ್ರ ಕಾಸು ಬರಲಿಲ್ಲ.

ಈ ಸ್ಥಳದಲ್ಲಿ ಮುನಿಯಮ್ಮನವರ ವಿಷಯವಾಗಿ ಎರಡು ಮಾತು ಹೇಳುವುದು ನ್ಯಾಯ. ಕಥೆ ಹೇಳುವವರು ಆಕೆಯನ್ನು ಗಂಡನನ್ನು ಗದರಿಸುವ ಹೆಂಡತಿಯಾಗಿ ಚಿತ್ರಿಸುವುದು ರೂಢಿ. ಗ್ರೀಸ್ ದೇಶದ ಸಾಕ್ರೆಟೀಸನ ಹೆಂಡತಿಗೂ ದೇಹುವಿನ ತುಕಾರಾಮರ ಹೆಂಡತಿಗೂ ಇದೇ ಅಪಕೀರ್ತಿಯು ಅಂಟಿಕೊಂಡಿದೆ. ಆದರೆ ಒಲೆಯ ಮೇಲೆ ಎಸರಿಟ್ಟು ಹಿಟ್ಟಿಗಾಗಿ ಕಾಯುವವಳ ಮಾತಿನಲ್ಲಿ ಬಿಸಿಯಿದ್ದರೆ ಅದನ್ನು ಗಯ್ಯಾಳಿತನವೆನ್ನುವುದು ಹೊಟ್ಟೆ ತುಂಬಿದವರ ವಿಮರ್ಶೆ. ಗಂಡನು ಊರಿಗೆ ಮಾಡಿದ ದಾನದ ಬೆಲೆಯನ್ನು ತೆತ್ತವರು ಆಕೆಯೂ ಆಕೆಯ ಮಕ್ಕಳೂ. ತಾತಯ್ಯನವರ ಸೇವೆಯನ್ನು ನೆನೆಯುವವರು ಆ ಮನೆಯ ಋಣವನ್ನೂ ನೆನೆಯತಕ್ಕದ್ದು.

ಆ ಕಾಲವಾದರೂ ಶಾಂತಿಯ ಕಾಲವಾಗಿರಲಿಲ್ಲ. ಇದೇ ಕೋಲಾರದ ಸೀಮೆಯ ಬೂದಿಕೋಟೆಯಲ್ಲಿ, ನಾರಾಯಣಪ್ಪನವರಿಗಿಂತ ಕೆಲವೇ ವರ್ಷ ಮೊದಲು, ಹೈದರಾಲಿಯು ಜನಿಸಿದ್ದನು. ಒಂದೇ ನೆಲದ ಗಾಳಿಯನ್ನುಂಡು ಬೆಳೆದ ಈ ಇಬ್ಬರಲ್ಲಿ ಒಬ್ಬನು ಕತ್ತಿಯನ್ನೂ ಇನ್ನೊಬ್ಬರು ಗಾಜಿನ ಬಳೆಯನ್ನೂ ಹಿಡಿದರು. ೧೭೬೨ರ ಸುಮಾರಿಗೆ ಚಿಕ್ಕಬಳ್ಳಾಪುರದ ಪಾಳೆಯಪಟ್ಟು ಹೈದರನ ವಶವಾಯಿತು. ೧೭೬೮ರಲ್ಲಿ ಕಂಪೆನಿಯ ಸೈನ್ಯವು ಮುಳಬಾಗಿಲು ಕೋಲಾರಗಳ ಮೇಲೆ ಬಿದ್ದಿತು. ಅನಂತರ ಮರಾಠರ ದಂಡು ಬಂದಿತು. ೧೭೯೧ರ ಅಕ್ಟೋಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯವು ನಂದಿದುರ್ಗವನ್ನು ಹತ್ತಿ ಹಿಡಿಯಿತು. ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದು ಟಿಪ್ಪು ಸುಲ್ತಾನನು ಮಡಿದನು. ಒಂದೊಂದು ದಂಡು ಹಾದುಹೋದಾಗಲೂ ಹಳ್ಳಿಯ ಕಣಜವು ಬರಿದಾಗುತ್ತಿದ್ದಿತು, ದನಕರುಗಳು ಕಾಣೆಯಾಗುತ್ತಿದ್ದುವು. ಯಾವ ರಾಜನು ಗೆದ್ದನೆಂಬುದಕ್ಕಿಂತ, ನಾಳೆ ಏನಾದೀತೆಂಬುದೇ ರೈತನ ಪ್ರಶ್ನೆಯಾಗಿದ್ದಿತು.

ಇಂತಹ ಕಾಲದಲ್ಲಿ ನಾರಾಯಣಪ್ಪನವರಿಗೆ ಪರದೇಶಿಸ್ವಾಮಿಗಳೆಂಬ ಗುರುಗಳ ದರ್ಶನವಾಯಿತು. ಗುರುಗಳು ಅಷ್ಟಾಕ್ಷರಿಯನ್ನು ಉಪದೇಶಿಸಿ, ಒಂದು ಬೆಣಚುಕಲ್ಲನ್ನು ಕೊಟ್ಟು, ಇದನ್ನು ಬಾಯಲ್ಲಿಟ್ಟುಕೊಂಡು ತಪಸ್ಸು ಮಾಡೆಂದೂ, ಕಲ್ಲು ಕಲ್ಲುಸಕ್ಕರೆಯಾದಾಗ ನಿನ್ನ ಸಾಧನೆ ಫಲಿಸಿತೆಂದು ತಿಳಿಯೆಂದೂ ಅಪ್ಪಣೆ ಮಾಡಿದರಂತೆ. ಕೈವಾರದ ಬೆಟ್ಟದ ನರಸಿಂಹಗುಹೆಯಲ್ಲಿ ಮೂರು ವರ್ಷ ಕುಳಿತ ಮೇಲೆ ಕಲ್ಲು ಕರಗಿ ಸಿಹಿಯಾಯಿತೆಂದು ಐತಿಹ್ಯ. ೧೮೦೦ರಲ್ಲಿ ಈ ಸೀಮೆಯನ್ನು ಸಂಚರಿಸಿದ ಬುಕಾನನ್ ಎಂಬ ಸ್ಕಾಟ್ಲೆಂಡಿನ ವೈದ್ಯನು ಚಿಕ್ಕಬಳ್ಳಾಪುರದಲ್ಲಿ ಉತ್ತಮವಾದ ಕಲ್ಲುಸಕ್ಕರೆ ತಯಾರಾಗುತ್ತಿದ್ದುದನ್ನು ಬರೆದಿಟ್ಟಿದ್ದಾನೆ. ಕಬ್ಬಿನ ಹಾಲು ಕಾದು, ಕಲ್ಮಷ ಕಳೆದು, ಬಹುಕಾಲ ಅಲುಗದೆ ನಿಂತ ಮೇಲೆಯೇ ಹರಳುಗಟ್ಟುವುದೆಂಬುದನ್ನು ಇಲ್ಲಿಯ ಜನ ಕಣ್ಣಾರೆ ಕಂಡವರು. ಐತಿಹ್ಯವನ್ನು ನಂಬುವವರು ನಂಬಲಿ. ನಂಬದವರೂ ಅದರ ತಾತ್ಪರ್ಯವನ್ನು ಅಲ್ಲಗಳೆಯಲಾರರು. ಬಾಯಲ್ಲಿ ಕಲ್ಲಿರುವವನು ಕಠಿನವಾದ ಮಾತನ್ನಾಡಲಾರನು. ಮೌನದಲ್ಲಿ ಮಾಗಿ ಬಂದ ಮಾತು ಸಿಹಿಯಾಗದಿರದು.

ಆದರೆ ಈ ಜೀವಿತದ ಮುಖ್ಯವಾದ ಘಟನೆಯು ಗುಹೆಯೊಳಕ್ಕೆ ಹೋದುದಲ್ಲ, ಗುಹೆಯಿಂದ ಹೊರಕ್ಕೆ ಬಂದುದು. ಸಿದ್ಧಿಯನ್ನು ಪಡೆದವರು ದೂರದ ಕ್ಷೇತ್ರಗಳಿಗೆ ತೆರಳುವುದುಂಟು. ಅರಸರ ಆಶ್ರಯವನ್ನು ಅರಸುವುದೂ ಉಂಟು. ಇವರು ತಮ್ಮ ಬಡತನವನ್ನೂ ಸಾಲವನ್ನೂ ಕಂಡಿದ್ದ ಊರಿಗೇ ಹಿಂದಿರುಗಿದರು. ಮೊದಲು ಬಳೆ ತೊಡಿಸಿದ್ದ ಹೆಣ್ಣುಮಕ್ಕಳ ಮಕ್ಕಳು ಈಗ ಇವರ ಮುಂದೆ ಕುಳಿತು ತತ್ತ್ವವನ್ನು ಕೇಳಿದರು. ನಾರಾಯಣಪ್ಪನೆಂಬ ಹೆಸರು ಹಿಂದಕ್ಕೆ ಸರಿದು ತಾತಯ್ಯನೆಂಬ ಹೆಸರು ನಿಂತಿತು.

ಅವರು ಬೋಧಿಸಿದ್ದು ಜನರ ಮಾತಿನಲ್ಲಿ. ಈ ಸೀಮೆಯಲ್ಲಿ ಒಂದೇ ಮನೆಯಲ್ಲಿ ಅಡಿಗೆಯ ಮಾತು ತೆಲುಗಾಗಿಯೂ ಸಂತೆಯ ಮಾತು ಕನ್ನಡವಾಗಿಯೂ ಇರುವುದುಂಟು. ತಾತಯ್ಯನವರು ಎರಡರಲ್ಲಿಯೂ ಕೀರ್ತನೆಗಳನ್ನು ಹಾಡಿದರು. ಅಮರನಾರೇಯಣನ ಹೆಸರಿನಲ್ಲಿ ಶತಕವನ್ನು ರಚಿಸಿದರು. ಕುಲದ ಹೆಮ್ಮೆ, ಡಂಭದ ಆಚಾರ, ಗುರುವಿಲ್ಲದ ವಿದ್ಯೆ ಇವುಗಳನ್ನು ಖಂಡಿಸಿದರು. ಭಾಷೆಯ ಹೆಸರಿನಲ್ಲಿ ನೆರೆಹೊರೆಯವರು ಮುಖ ತಿರುಗಿಸುವ ಸಂದರ್ಭಗಳಲ್ಲಿ, ಎರಡು ನುಡಿಗಳನ್ನೂ ಎರಡು ಕಣ್ಣುಗಳಂತೆ ಕಾಪಾಡಿಕೊಂಡ ಈ ಹಿರಿಯರನ್ನು ನೆನೆಯುವುದು ಲೇಸು. ಇದರಿಂದ ಕನ್ನಡಕ್ಕೆ ನಷ್ಟವಾಗಲಿಲ್ಲ. ಕನ್ನಡದ ಗಡಿಯ ಮನೆಯೊಂದು ಬೆಳಗಿತು.

ತಾತಯ್ಯನವರ ಹೆಸರು ದೂರದವರಿಗೆ ತಿಳಿದಿರುವುದು ಹೆಚ್ಚಾಗಿ ಕಾಲಜ್ಞಾನದಿಂದ. ಪೋತುಲೂರಿ ವೀರಬ್ರಹ್ಮೇಂದ್ರಸ್ವಾಮಿಗಳ ಹೆಸರಿನಲ್ಲಿ ಪ್ರಸಿದ್ಧವಾದ ಈ ಪರಂಪರೆಯಲ್ಲಿ ಮುಂದೆ ಬರಲಿರುವ ಕೇಡುಗಾಲದ ವರ್ಣನೆಯಿರುತ್ತದೆ. ದೇಶದಲ್ಲಿ ಒಂದು ಬರವೋ ವ್ಯಾಧಿಯೋ ಅಧಿಕಾರದ ಪಲ್ಲಟವೋ ಆದಾಗಲೆಲ್ಲ, ಇದನ್ನು ತಾತಯ್ಯನವರು ಮೊದಲೇ ಹೇಳಿದ್ದರೆಂದು ಪುಟ ತಿರುವುವವರಿದ್ದಾರೆ. ಇದು ಭಕ್ತಿಯಂತೆ ಕಂಡರೂ ಅವರಿಗೆ ಮಾಡುವ ಅನ್ಯಾಯವೆಂದೇ ನಮ್ಮ ಅಭಿಪ್ರಾಯ. ಮನೆಯ ತಾತನು, ಮುಂದೆ ಕಷ್ಟಕಾಲ ಬಂದೀತು, ಹುಷಾರಾಗಿರಿ ಎಂದರೆ, ಮೊಮ್ಮಕ್ಕಳು ಕಣಜವನ್ನು ಭದ್ರಪಡಿಸಬೇಕೇ ಹೊರತು ಕಷ್ಟವು ಬರುವ ತಿಥಿವಾರಗಳನ್ನು ಲೆಕ್ಕಹಾಕುತ್ತ ಕೂರಬಾರದು. ದಂಡುಗಳ ಕಾಲವನ್ನು ಕಂಡವರ ಎಚ್ಚರಿಕೆಯ ಮಾತನ್ನು ನಾವು ಪಂಚಾಂಗವನ್ನಾಗಿ ಮಾಡಿಕೊಂಡಿದ್ದೇವೆ. ಲೋಭವೂ ವಂಚನೆಯೂ ಹೆಚ್ಚಿದರೆ ಕೇಡು ತಪ್ಪದೆಂಬುದು ಭವಿಷ್ಯವಲ್ಲ, ಅನುಭವ.

೧೮೩೧ರಲ್ಲಿ ಮೈಸೂರಿನ ಆಡಳಿತವು ಆಂಗ್ಲರ ಕೈಸೇರಿತು. ಅದಾದ ಐದು ವರ್ಷಗಳಿಗೆ, ೧೮೩೬ರಲ್ಲಿ, ನೂರಹತ್ತು ವರ್ಷಗಳ ತುಂಬುಬಾಳನ್ನು ಮುಗಿಸಿ ತಾತಯ್ಯನವರು ಕೈವಾರದಲ್ಲಿಯೇ ಸಜೀವ ಸಮಾಧಿಯನ್ನು ಹೊಂದಿದರೆಂದು ಭಕ್ತರು ನಂಬುವರು. ಕೈವಾರವು ಈಗ ೨೦೦೭ರಲ್ಲಿ ಕೋಲಾರದಿಂದ ಬೇರೆಯಾದ ಚಿಕ್ಕಬಳ್ಳಾಪುರ ಜಿಲ್ಲೆಗೆ ಸೇರಿದೆ. ವರ್ಷವರ್ಷವೂ ಆಷಾಢದ ಗುರುಪೌರ್ಣಿಮೆಯ ಸಮಯದಲ್ಲಿ ಅಲ್ಲಿ ಹಗಲಿರುಳೂ ಸಂಗೀತಸೇವೆಯು ನಡೆಯುತ್ತದೆ. ಹೆಸರಾಂತ ವಿದ್ವಾಂಸರೂ ಹಳ್ಳಿಯ ಭಜನೆಯವರೂ ಒಂದೇ ಸನ್ನಿಧಿಯಲ್ಲಿ ಹಾಡುವರು.

ಅವರ ಜೀವಿತಕಾಲದಲ್ಲಿ ಈ ಸೀಮೆಯನ್ನಾಳಿದ ಪ್ರಭುಗಳೆಷ್ಟು ಮಂದಿ! ಅವರ ಕೋಟೆಗಳನ್ನು ನೋಡಲು ಇಂದು ಜನರು ಸ್ಕಂದಗಿರಿಯನ್ನೂ ನಂದಿಯನ್ನೂ ಹತ್ತಿ, ಗಾಳಿ ಸೇವಿಸಿ, ಇಳಿದುಹೋಗುವರು; ಆ ಪ್ರಭುಗಳ ಹೆಸರನ್ನು ಕೇಳಿದರೆ ತಡವರಿಸುವರು. ಒಡೆದರೆ ಚೂರಾಗುವ ಗಾಜಿನ ಸರಕನ್ನು ಹೊತ್ತು ಊರೂರು ತಿರುಗಿದವರ ಹೆಸರನ್ನು ಮಾತ್ರ ಹಳ್ಳಿಯ ಮಗುವೂ ತಡವರಿಸದೆ ಹೇಳುವುದು. ಕೈಹಿಡಿದವರಿಗೆ ನೋವಾಗದಂತೆ ಬಾಳಿದರು. ಕಲಿತುದನ್ನು ಕಲಿತ ಊರಿಗೇ ತಂದುಕೊಟ್ಟರು. ತಾತನೆನ್ನಿಸಿಕೊಳ್ಳುವುದಕ್ಕೆ ಇವೆರಡೇ ಸಾಕು. ನಗರಗಳಲ್ಲಿ ವಿದ್ಯೆಯನ್ನೂ ಉದ್ಯೋಗವನ್ನೂ ಗಳಿಸಿ ಹುಟ್ಟಿದ ಹಳ್ಳಿಯ ದಾರಿಯನ್ನು ಮರೆತಿರುವ ನಮ್ಮಂತಹವರು, ಮುಂದಿನ ಪೌರ್ಣಿಮೆಗೆ ಕೈವಾರಕ್ಕೆ ಹೋಗಿ ಕೈಮುಗಿಯುವ ಮೊದಲು, ಆ ದಾರಿಯಲ್ಲಿ ಒಮ್ಮೆ ನಡೆದುಬಂದರೆ ತಾತಯ್ಯನವರಿಗೆ ಅದಕ್ಕಿಂತ ಪ್ರಿಯವಾದ ಕಾಣಿಕೆ ಬೇರೊಂದಿರದು.