ಅರ್ಧಕ್ಕೆ ನಿಂತಿದ್ದ ಲಾ ಓದು

 

ಕಳೆದ ಭಾನುವಾರ ಸಿರುಗುಪ್ಪದಲ್ಲಿ ವಂದನೆ ಮುಗಿದ ಮೇಲೆ ಕುರುಗೋಡಿನ ಹುಡುಗಿಯೊಬ್ಬಳು ಬಂದು ಹತ್ತಿರ ಕೂತಳು. ಹೈಸ್ಕೂಲಿನಲ್ಲಿ ನನ್ನ ಹತ್ತಿರ ಕನ್ನಡ ಕಲಿತವಳು. ಬಳ್ಳಾರಿಯಲ್ಲಿ ಎಲ್‌ಎಲ್‌ಬಿ ಮೂರನೇ ಸೆಮಿಸ್ಟರ್‌ವರೆಗೆ ಓದಿದ್ದಳು. ಅಪ್ಪ ಹಾಸಿಗೆ ಹಿಡಿದ ಮೇಲೆ ಓದು ಬಿಟ್ಟು ಮೆಣಸಿನಕಾಯಿ ಬಿಡಿಸಲು ಹೋಗುತ್ತಿದ್ದಾಳೆ. ಒಮ್ಮೆ ಬಿಟ್ಟ ಓದು ಮತ್ತೆ ಕೈಗೆ ಹತ್ತುತ್ತದಾ ಸರ್ ಅಂತ ಕೇಳಿದಳು. ಅಲ್ಲಿ ನನಗೆ ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಬಾಬಾಸಾಹೇಬರು ಬ್ಯಾರಿಸ್ಟರ್ ಓದಿದ ವರ್ಷಗಳನ್ನು ಎಣಿಸಿದೆ.

1916ರಲ್ಲಿ ಕೊಲಂಬಿಯಾದಿಂದ ಲಂಡನ್ನಿಗೆ ಬಂದ ಅವರು ಕಾನೂನಿಗೆ ಗ್ರೇಸ್ ಇನ್ ಸೇರಿದರು, ಅರ್ಥಶಾಸ್ತ್ರಕ್ಕೆ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್. ವರ್ಷ ತುಂಬುವುದರೊಳಗೆ ಬರೋಡ ಸಂಸ್ಥಾನದ ವಿದ್ಯಾರ್ಥಿವೇತನ ಮುಗಿಯಿತು. ವಾಪಸಾಗಲೇಬೇಕಿತ್ತು. ಆದರೆ ನಾಲ್ಕು ವರ್ಷದೊಳಗೆ ಬಂದು ಓದು ಮುಂದುವರಿಸಲು ಲಂಡನ್ ವಿಶ್ವವಿದ್ಯಾಲಯದ ಅನುಮತಿ ಪಡೆದೇ ಹಡಗು ಹತ್ತಿದರು. ನಾವು ಸಾಮಾನ್ಯವಾಗಿ ಓದಿ ಮುಂದೆ ಹೋಗಿಬಿಡುವ ಸಾಲು ಇದು. ನನಗೆ ಈ ಸಲ ಅಲ್ಲೇ ಕಣ್ಣು ನಿಂತಿತು. ಬೇರೆ ಹಡಗಿನಲ್ಲಿ ಕಳಿಸಿದ್ದ ಅವರ ಪುಸ್ತಕಗಳು ಯುದ್ಧದಲ್ಲಿ ಸಮುದ್ರದ ಪಾಲಾದವು.

ಬರೋಡದಲ್ಲಿ ಇರಲು ಒಂದು ಕೋಣೆ ಸಿಗದೆ ಹೊರಬಿದ್ದ ಕಥೆ ನಿಮಗೆಲ್ಲ ಗೊತ್ತು. 1918ರಲ್ಲಿ ಮುಂಬೈನ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದರು. ಸಂಬಳ ಬಂತೆಂದು ಮನೆ ಬದಲಾಗಲಿಲ್ಲ. ರಮಾಬಾಯಿ ಚಾಳಿನಲ್ಲೇ ಬಿಗಿಹಿಡಿದು ಸಂಸಾರ ನಡೆಸಿದರು. ಉಳಿದ ದುಡ್ಡೆಲ್ಲ ಲಂಡನ್ನಿಗೆ. ಅದಕ್ಕೆ ಶಾಹು ಮಹಾರಾಜರ ನೆರವು, ಗೆಳೆಯ ನವಲ್ ಭಾತೇನಾ ಕೊಟ್ಟ ಸಾಲ ಸೇರಿಸಿಕೊಂಡು 1920ರಲ್ಲಿ, ಗಡುವಿನೊಳಗೇ, ಮತ್ತೆ ಹೊರಟರು. ಹಗಲೆಲ್ಲ ಬ್ರಿಟಿಷ್ ಮ್ಯೂಸಿಯಂ ಗ್ರಂಥಾಲಯ. ರಾತ್ರಿ ಹಸಿವಾದರೆ ಸುಟ್ಟ ಹಪ್ಪಳ.

1922ರಲ್ಲಿ ಬ್ಯಾರಿಸ್ಟರ್ ಆದಾಗ ಅವರಿಗೆ 31. ಮರುವರ್ಷ ಮುಂಬೈಗೆ ಬಂದಾಗ ವಕೀಲಿ ಸನ್ನದಿಗೆ ಕಟ್ಟಲೂ ಹಣವಿಲ್ಲ. ಮತ್ತೆ ಭಾತೇನಾ ಅವರೇ ಕೊಟ್ಟರು. ಕಕ್ಷಿದಾರರು ಸುಲಭಕ್ಕೆ ಬರಲಿಲ್ಲ. ಸಂಸಾರಕ್ಕಾಗಿ ಸಂಸ್ಥೆಯೊಂದರಲ್ಲಿ ವಾಣಿಜ್ಯ ಕಾನೂನು ಪಾಠ ಹೇಳಿದರು. ಅದೇ ಮನುಷ್ಯ 1935ರಲ್ಲಿ ಮುಂಬೈ ಸರ್ಕಾರಿ ಲಾ ಕಾಲೇಜಿನ ಪ್ರಿನ್ಸಿಪಾಲ್. 1927ರಲ್ಲಿ ಮಹಾಡದ ಚೌದಾರ್ ಕೆರೆಯ ನೀರು ಮುಟ್ಟಿದ್ದಕ್ಕೆ ಹೂಡಿದ್ದ ದಾವೆ ಹತ್ತು ವರ್ಷ ನಡೆದು, 1937ರ ಮಾರ್ಚಿನಲ್ಲಿ ಹೈಕೋರ್ಟಿನಲ್ಲಿ ನಮ್ಮವರ ಪರವಾಯಿತು.

ಇಷ್ಟನ್ನೂ ನಿನ್ನೆ ರಾತ್ರಿ ಆ ಹುಡುಗಿಗೆ ಬರೆದು ಕಳಿಸಿದೆ. ಅವಳು ತಿರುಗಿ ಕೇಳಿದ್ದು ಒಂದೇ: ಅಂಥ ಅನುಮತಿ ಈಗ ಯಾರನ್ನು ಕೇಳಬೇಕು? ಸೋಮವಾರ ಬೆಳಿಗ್ಗೆ ಅವಳೂ ಅವಳ ತಾಯಿಯೂ ಕುರುಗೋಡಿನಿಂದ ಬಸ್ಸಿಗೆ ಬರುತ್ತಾರೆ, ನಾನು ಇಲ್ಲಿಂದ ರಜೆ ಹಾಕಿ ಹೋಗುತ್ತೇನೆ. ಮರುಪ್ರವೇಶದ ಅರ್ಜಿ, ಹಳೆ ಸೆಮಿಸ್ಟರ್ ಶುಲ್ಕದ ವಿಚಾರ ಗೊತ್ತಿರುವ ಬಳ್ಳಾರಿಯ ವಕೀಲ ಬಂಧುಗಳು ಈ ಗುಂಪಿನಲ್ಲಿದ್ದರೆ ಅಷ್ಟರೊಳಗೆ ನನಗೊಂದು ಫೋನ್ ಮಾಡಿ.