ವಿಲಿಯಮ್ ಪೆನ್ನನೂ ಹನ್ನೆರಡು ಮಂದಿ ಪಂಚರೂ

ಅಮೇರಿಕ ದೇಶದಲ್ಲಿ ಪೆನ್ಸಿಲ್ವೇನಿಯ ಎಂಬ ಸಂಸ್ಥಾನವುಂಟೆಂಬದನ್ನು ನಮ್ಮ ವಾಚಕರಲ್ಲಿ ಅನೇಕರು ಕೇಳಿರಬಹುದು. ಆ ಸಂಸ್ಥಾನವನ್ನು ಸ್ಥಾಪಿಸಿದ ವಿಲಿಯಮ್ ಪೆನ್ನನ ಚರಿತ್ರೆಯನ್ನು ನಾವು ಈ ಸಾರಿ ಸಂಕ್ಷೇಪವಾಗಿ ಹೇಳುವೆವು. ಅಧಿಕಾರಿಗಳ ಬಲಕ್ಕೂ ಒಂದು ಮೇರೆಯುಂಟೆಂಬದು ಇದರಿಂದ ಚೆನ್ನಾಗಿ ತಿಳಿದುಬರುವದು.

ಪೆನ್ನನು 1644ನೆಯ ಇಸವಿ ಅಕ್ಟೋಬರ್ 14ರಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದನು. ಅವನ ತಂದೆಯು ಇಂಗ್ಲೆಂಡಿನ ನೌಕಾಸೈನ್ಯದ ಅಧಿಪತಿಗಳಲ್ಲೊಬ್ಬನು. ಆಕ್ಸ್‌ಫರ್ಡಿನಲ್ಲಿ ವಿದ್ಯಾಭ್ಯಾಸ ಮಾಡುತ್ತಿದ್ದಾಗ ರಾಜ್ಯದ ಸಭೆಯ ಆರಾಧನಾಕ್ರಮಕ್ಕೆ ಒಳಪಡದ ಕಾರಣ ಪೆನ್ನನು 1662ರಲ್ಲಿ ಅಲ್ಲಿಂದ ಹೊರಗೆ ಹಾಕಲ್ಪಟ್ಟನು. 1667ರಲ್ಲಿ ಐರ್ಲೆಂಡಿನ ಕಾರ್ಕ್ ಪಟ್ಟಣದಲ್ಲಿ ತೋಮಸ್ ಲೋ ಎಂಬವನ ಪ್ರಸಂಗವನ್ನು ಕೇಳಿ ಕ್ವೇಕರರ ಸಂಗಡ ಸೇರಿದನು. ಈ ಜನರು ಆಣೆಯಿಡರು, ಯುದ್ಧಕ್ಕೆ ಹೋಗರು. ದೇವರ ಮುಂದೆ ಎಲ್ಲರೂ ಸಮಾನರೆಂದು ನಂಬಿ ಆ ಕಾಲದಲ್ಲಿ ಎಂಥ ದೊಡ್ಡವನ ಮುಂದೆಯೂ ಟೊಪ್ಪಿಗೆ ತೆಗೆಯುತ್ತಿರಲಿಲ್ಲ. ಮಗನಿಗೆ ಅರಮನೆಯಲ್ಲಿ ಉನ್ನತ ಪದವಿಯನ್ನು ನಿರೀಕ್ಷಿಸಿದ್ದ ತಂದೆಗೆ ಇದರಿಂದ ಬಹಳ ದುಃಖವಾಯಿತು.

ಆ ಕಾಲದಲ್ಲಿ ಇಂಗ್ಲೆಂಡಿನ ಕಾಯಿದೆಯು ರಾಜ್ಯದ ಸಭೆಯ ಕ್ರಮಕ್ಕೆ ಹೊರತಾದ ಆರಾಧನೆಗಾಗಿ, ಮನೆಯವರಲ್ಲದ ಐದು ಮಂದಿಯಾಗಲಿ ಅದಕ್ಕಿಂತ ಹೆಚ್ಚು ಜನರಾಗಲಿ ಕೂಡುವದನ್ನು ನಿಷೇಧಿಸಿತ್ತು. 1670ನೆಯ ಆಗಸ್ಟ್ 14ರಲ್ಲಿ ಗ್ರೇಸ್‌ಚರ್ಚ್ ಬೀದಿಯಲ್ಲಿದ್ದ ಕ್ವೇಕರರ ಕೂಟದ ಮನೆಗೆ ಸಿಪಾಯಿಗಳು ಕಾವಲಿದ್ದು ಯಾರನ್ನೂ ಒಳಗೆ ಬಿಡಲಿಲ್ಲ. ಪೆನ್ನನು ಬೀದಿಯಲ್ಲಿಯೇ ನಿಂತು ಪ್ರಸಂಗಿಸಿದನು. ಅವನನ್ನೂ ವಿಲಿಯಮ್ ಮೀಡ್ ಎಂಬವನನ್ನೂ ಹಿಡಿದು, ಗಲಭೆಯ ಕೂಟವನ್ನು ಕೂಡಿಸಿದರೆಂದು ಅಪವಾದ ಹೊರಿಸಿ ನ್ಯಾಯಸ್ಥಾನದ ಮುಂದೆ ನಿಲ್ಲಿಸಿದರು.

ಸೆಪ್ಟೆಂಬರ್ ತಿಂಗಳ ಮೊದಲಲ್ಲಿ ವಿಚಾರಣೆಯು ನಡೆಯಿತು. ಸೆರೆಯಾಳುಗಳ ಟೊಪ್ಪಿಗೆಗಳು ಮೊದಲೇ ತೆಗೆಯಲ್ಪಟ್ಟಿದ್ದವು. ನ್ಯಾಯಾಧಿಪತಿಗಳು ಅವುಗಳನ್ನು ತಿರಿಗಿ ತಲೆಯ ಮೇಲೆ ಇಡಿಸಿ, ಟೊಪ್ಪಿಗೆ ತೆಗೆಯದೆ ನಿಂತಿದ್ದಾರೆಂದು 40 ಮಾರ್ಕುಗಳ ದಂಡವನ್ನು ವಿಧಿಸಿದರು! ತಾನು ಯಾವ ಕಾಯಿದೆಯನ್ನು ಮೀರಿದೆನೆಂದು ಪೆನ್ನನು ಕೇಳಿದನು. ದೇಶದ ರೂಢಿಯ ಕಾಯಿದೆಯೆಂದು ಉತ್ತರ ಬಂತು. ಅದನ್ನು ತೋರಿಸಬೇಕೆಂದು ಪಟ್ಟುಹಿಡಿದಾಗ ಅವನನ್ನು ನ್ಯಾಯಸ್ಥಾನದ ಒಂದು ಮೂಲೆಗೆ ದೊಬ್ಬಿದರು.

ಇಂಗ್ಲೆಂಡಿನ ಕ್ರಮದ ಮೇರೆಗೆ ಅಪರಾಧವುಂಟೋ ಇಲ್ಲವೋ ಎಂದು ತೀರ್ಮಾನಿಸತಕ್ಕವರು ಹನ್ನೆರಡು ಮಂದಿ ಪಂಚರು, ಅಂದರೆ ಜೂರಿಯವರು. ಇವರು ಊರಿನ ಸಾಧಾರಣ ಜನರು. ಅವರಲ್ಲಿ ಎಡ್ವರ್ಡ್ ಬುಶೆಲ್ ಎಂಬವನಿದ್ದನು. ಪೆನ್ನನು ಬೀದಿಯಲ್ಲಿ ಮಾತಾಡಿದ್ದು ನಿಜ ಎಂದಷ್ಟೇ ಅವರು ಮೊದಲು ಹೇಳಿದರು. ಗಲಭೆಯ ಮಾತನ್ನೇ ಎತ್ತಲಿಲ್ಲ. ನ್ಯಾಯಾಧಿಪತಿಗಳು ಸಿಟ್ಟುಗೊಂಡು, ತಮ್ಮ ಇಷ್ಟದ ತೀರ್ಪು ಬರುವ ತನಕ ಅವರನ್ನು ಮುಚ್ಚಿಡಿಸಿದರು. ಎರಡು ರಾತ್ರಿ ಅನ್ನವಿಲ್ಲ, ನೀರಿಲ್ಲ, ಬೆಂಕಿಯಿಲ್ಲ. ಸೆಪ್ಟೆಂಬರ್ 5ರಲ್ಲಿ ಅವರು ಹೊರಗೆ ಬಂದು, ಇಬ್ಬರೂ ನಿರಪರಾಧಿಗಳೆಂದು ತೀರ್ಮಾನವಾಗಿ ಹೇಳಿದರು.

ಆಗ ಒಬ್ಬೊಬ್ಬ ಪಂಚನಿಗೂ 40 ಮಾರ್ಕುಗಳ ದಂಡವಾಯಿತು. ದಂಡ ತೆರುವ ತನಕ ಅವರು ಸೆರೆಮನೆಯಲ್ಲಿರಬೇಕಾಯಿತು. ಪೆನ್ನನೂ ಟೊಪ್ಪಿಗೆಯ ದಂಡಕ್ಕಾಗಿ ಸೆರೆಗೆ ಹೋದನು. ಮರಣಶಯ್ಯೆಯಲ್ಲಿದ್ದ ತಂದೆಯು ಹಣ ತೆತ್ತು ಮಗನನ್ನು ಬಿಡಿಸಿ, ಅದೇ ತಿಂಗಳ 16ರಲ್ಲಿ ತೀರಿಹೋದನು.

ಆದರೆ ಬುಶೆಲನೂ ಇನ್ನು ಮೂವರೂ ಹಣ ತೆರಲೊಪ್ಪಲಿಲ್ಲ. ಅವರು ಮೇಲಿನ ನ್ಯಾಯಸ್ಥಾನದಲ್ಲಿ ಹೇಬಿಯಸ್ ಕಾರ್ಪಸ್ ಎಂಬ ಆಜ್ಞೆಯನ್ನು ಬೇಡಿದರು. ಒಬ್ಬನನ್ನು ಸೆರೆಯಲ್ಲಿಟ್ಟವನು ಅವನನ್ನು ನ್ಯಾಯಸ್ಥಾನಕ್ಕೆ ತಂದು, ಯಾವ ಕಾರಣದಿಂದ ಇಟ್ಟಿದ್ದಾನೆಂದು ಒಪ್ಪಿಸಬೇಕೆಂಬುದೇ ಆ ಆಜ್ಞೆಯ ತಾತ್ಪರ್ಯ. ಕಾರಣವು ನ್ಯಾಯವಾದದ್ದಲ್ಲದಿದ್ದರೆ ಸೆರೆಯವನನ್ನು ಬಿಡಲೇಬೇಕು. ಪಂಚರು ತಮ್ಮ ಮನಸ್ಸಾಕ್ಷಿಗೆ ತೋರಿದಂತೆ ಕೊಟ್ಟ ತೀರ್ಪಿಗಾಗಿ ಅವರನ್ನು ದಂಡಿಸಕೂಡದೆಂದು ಮುಖ್ಯ ನ್ಯಾಯಾಧಿಪತಿಯಾದ ವಾನ್ ಎಂಬವನು ನಿರ್ಣಯಿಸಿ ಅವರನ್ನು ಬಿಡಿಸಿದನು. ನ್ಯಾಯಾಧಿಪತಿಯು ಹೇಳಿಕೊಟ್ಟದ್ದನ್ನೇ ಪಂಚರು ಹೇಳಬೇಕಾದರೆ ಪಂಚರಿಂದೇನು ಪ್ರಯೋಜನ?

ಇಂಥ ಹಕ್ಕನ್ನು ಉಪಯೋಗಿಸುವದು ದೇವಭಕ್ತನಿಗೆ ತಕ್ಕದ್ದೋ ಎಂದು ಕೆಲವರು ಸಂದೇಹಿಸಬಹುದು. ಅಪೊಸ್ತಲನಾದ ಪೌಲನೂ ವಿಚಾರಣೆಯಿಲ್ಲದೆ ಹೊಡೆಯಲ್ಪಟ್ಟಾಗ ತಾನು ರೋಮಾಪುರದ ಹಕ್ಕುಳ್ಳವನೆಂದು ಅಧಿಕಾರಿಗಳಿಗೆ ತಿಳಿಸಿದ್ದನ್ನು ಅಂಥವರು ನೆನಪುಮಾಡಿಕೊಳ್ಳಲಿ.

ಪೆನ್ನನ ತಂದೆಗೆ ಅರಸನಿಂದ ಸುಮಾರು 16,000 ಪೌಂಡುಗಳ ಸಾಲ ಬರಬೇಕಾಗಿತ್ತು. ಅದಕ್ಕೆ ಬದಲಾಗಿ 1681ನೆಯ ಮಾರ್ಚ್ 4ರಲ್ಲಿ ಎರಡನೆಯ ಚಾರ್ಲ್ಸ್ ಅರಸನು ಅಮೇರಿಕದಲ್ಲಿ ದೊಡ್ಡ ಅರಣ್ಯಪ್ರದೇಶವನ್ನು ಮಗನಿಗೆ ಕೊಟ್ಟು, ತಂದೆಯ ಗೌರವಾರ್ಥವಾಗಿ ಪೆನ್ಸಿಲ್ವೇನಿಯ, ಅಂದರೆ ಪೆನ್ನನ ಅಡವಿ, ಎಂದು ಹೆಸರಿಟ್ಟನು. ಸೆರೆಮನೆಯಲ್ಲಿ ಕಲಿತದ್ದನ್ನು ಪೆನ್ನನು ಮರೆಯಲಿಲ್ಲ. 1682ರಲ್ಲಿ ಅವನು ಬರೆದ ರಾಜ್ಯವಿಧಾನದಲ್ಲಿಯೂ ಅದರ ಸಂಗಡ ಸೇರಿಸಿದ ಕಾಯಿದೆಗಳಲ್ಲಿಯೂ ಏಕದೇವರನ್ನು ಒಪ್ಪಿಕೊಳ್ಳುವ ಯಾರನ್ನೂ ಮತದ ನಿಮಿತ್ತ ಪೀಡಿಸಬಾರದು, ನ್ಯಾಯಸ್ಥಾನಗಳು ಎಲ್ಲರಿಗೂ ತೆರೆದಿರಬೇಕು, ಹನ್ನೆರಡು ಮಂದಿ ಪಂಚರಿಂದ ವಿಚಾರಣೆಯಾಗಬೇಕು ಎಂದು ನೇಮಿಸಿದನು. ವಿಧಾನವನ್ನು ತಿದ್ದುವದಕ್ಕೂ ಮಾರ್ಗವನ್ನಿಟ್ಟನು. ಆದರೆ 1701ರ ಸನ್ನದಿನಲ್ಲಿ ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಎಂದಿಗೂ ಬದಲಾಯಿಸಕೂಡದೆಂದು ಸ್ಥಿರಪಡಿಸಿದನು.

ಅವನಲ್ಲಿದ್ದ ಕುಂದನ್ನೂ ಮರೆಮಾಡಬಾರದು. ಸ್ವಾತಂತ್ರ್ಯಕ್ಕಾಗಿ ಸೆರೆ ಅನುಭವಿಸಿದ ಇವನೇ ದಾಸರನ್ನು ಇಟ್ಟುಕೊಂಡಿದ್ದನು. ಅವನ ಸಂಸ್ಥಾನದ ಜರ್ಮನ್‌ಟೌನಿನಲ್ಲಿ ಕೆಲವರು 1688ರಲ್ಲಿಯೇ ದಾಸತ್ವವನ್ನು ವಿರೋಧಿಸಿ ಬರೆದರೂ, ಹಕ್ಕು ಎಲ್ಲರಿಗೂ ಸಲ್ಲಬೇಕೆಂಬದು ಅವನ ಮನಸ್ಸಿಗೆ ಪೂರ್ತಿಯಾಗಿ ಹಿಡಿಯಲಿಲ್ಲ. ಮುಪ್ಪಿನಲ್ಲಿ ಸಾಲದ ದೆಸೆಯಿಂದ ಸೆರೆಮನೆಯನ್ನೂ, 1712ರಿಂದ ಪಾರ್ಶ್ವವಾಯುವನ್ನೂ ಅನುಭವಿಸಿ 1718ನೆಯ ಜುಲೈ 30ರಲ್ಲಿ ತೀರಿಹೋದನು.

ಅವನು ಸ್ಥಾಪಿಸಿದ ಫಿಲಡೆಲ್ಫಿಯ ಪಟ್ಟಣದಲ್ಲಿಯೇ 1787ರಲ್ಲಿ ಅಮೇರಿಕದ ಸಂವಿಧಾನವು ಬರೆಯಲ್ಪಟ್ಟಿತು. 1950ನೆಯ ಜನವರಿ 26ರಿಂದ ನಡೆಯುತ್ತಿರುವ ನಮ್ಮ ಭಾರತದ ಸಂವಿಧಾನದ 25ನೆಯ ವಿಧಿಯು ಮನಸ್ಸಾಕ್ಷಿಯ ಸ್ವಾತಂತ್ರ್ಯವನ್ನು ಕಾಯುತ್ತದೆ. 22ನೆಯ ವಿಧಿಯ ಪ್ರಕಾರ ಹಿಡಿಯಲ್ಪಟ್ಟವನಿಗೆ ಕಾರಣವನ್ನು ತಿಳಿಸಬೇಕು. ಪ್ರಯಾಣದ ಹೊತ್ತನ್ನು ಬಿಟ್ಟು 24 ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕು. ಮುಂಜಾಗ್ರತೆಯ ಬಂಧನಕ್ಕೆ ಮಾತ್ರ ಬೇರೆ ನಿಯಮಗಳುಂಟು. ಬುಶೆಲನು ಬೇಡಿದ ಆ ಆಜ್ಞೆಯನ್ನು 32ನೆಯ ವಿಧಿಯ ಮೂಲಕ ಸುಪ್ರೀಂ ಕೋರ್ಟಿನಲ್ಲಿ ನಮ್ಮವರೂ ಬೇಡಬಹುದು.

ಪೆನ್ನನ ಹೆಸರು ಒಂದು ಸಂಸ್ಥಾನಕ್ಕೆ ಉಳಿಯಿತು. ಆ ಪಂಚರಲ್ಲಿ ಹೆಚ್ಚಿನವರ ಹೆಸರನ್ನು ಬಲ್ಲವರು ಕೆಲವರೇ. ಆದರೂ ಹಸಿದು ಬಾಯಾರಿದ ಆ ಹನ್ನೆರಡು ಮಂದಿ ಎರಡನೆಯ ರಾತ್ರಿಯಲ್ಲಿ ಸೋತಿದ್ದರೆ ಪೆನ್ನನ ವಾದವೆಲ್ಲ ಗಾಳಿಗೆ ಹೋಗುತ್ತಿತ್ತು. ನಮ್ಮ ಹಳ್ಳಿಗಳಲ್ಲಿ ಸಾಕ್ಷಿಗೋ ಪಂಚಾಯತಿಗೋ ಕರೆಯಲ್ಪಡುವವರು ಈ ಸಂಗತಿಯನ್ನು ಮನಸ್ಸಿನಲ್ಲಿಟ್ಟುಕೊಳ್ಳುವದು ಒಳ್ಳೇದು.